ಸಾಫ್ಟ್ನರ್ ಮಾರುವವರು ಬಿಲ್ಲಿನ ಮೇಲೆ ನೀರಿನ ಗಡಸುತನ ಬರೆದುಕೊಡಲಿ

ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ಶುರುವಾದಾಗಿನಿಂದ ಪತ್ರಿಕೆಯ ಮಡಿಕೆಯೊಳಗೆ ಒಂದು ಬಣ್ಣದ ಕರಪತ್ರ ಮನೆಮನೆಗೆ ಬರುತ್ತಿದೆ. ಪೇಪರ್ ಹಾಕುವ ಹುಡುಗರ ಕೈಗೆ ಯಾರೋ ಕೊಟ್ಟು ಸೇರಿಸುವ ಕಾಗದ ಅದು, ನಿಮ್ಮ ತಪ್ಪೇನಿಲ್ಲ. ಮನೆಗೆ ವಾಟರ್ ಸಾಫ್ಟ್ನರ್, ಅಂದರೆ ಗಡಸು ನೀರನ್ನು ಮೆತ್ತಗೆ ಮಾಡುವ ಮಷೀನು, ಹಾಕಿಸಿಕೊಳ್ಳಿ ಎಂದು ಅದರಲ್ಲಿದೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣ, ಇಳಿಯುತ್ತದಂತೆ. ಬೋರ್ ನೀರನ್ನು ನೇರವಾಗಿ ಕುಡಿಯಬಹುದಂತೆ. ಕೂದಲು ಉದುರುವುದು ನಿಲ್ಲುತ್ತದಂತೆ. ಒಮ್ಮೆ ಹಾಕಿಸಿದರೆ ಮುಂದೆ ಖರ್ಚೇ ಇಲ್ಲವಂತೆ.

ನಾನು ಬೆಟಗೇರಿಯಲ್ಲಿ ಪ್ಲಂಬರ್ ಕೆಲಸ ಮಾಡುವವನು. ಗೀಸರ್ ರಿಪೇರಿಯನ್ನೂ ಮಾಡುತ್ತೇನೆ. ಸಾಫ್ಟ್ನರ್ ಕೂಡಿಸಿದರೆ ನನಗೂ ನಾಲ್ಕು ಕಾಸು ಸಿಗುತ್ತದೆ. ಆದರೂ ಈ ಪತ್ರ ಬರೆಯುತ್ತಿದ್ದೇನೆ. ಯಾಕೆಂದರೆ ಮಷೀನು ಮಾರಿದವರು ಹಣ ಎಣಿಸಿಕೊಂಡು ಹೋಗುತ್ತಾರೆ, ಆಮೇಲೆ ಜನ ಫೋನ್ ಮಾಡುವುದು ನನಗೆ. ‘ಏನ್ರೀ, ಇಷ್ಟ್ ರೊಕ್ಕ ಕೊಟ್ಟು ಹಾಕ್ಸೀವಿ, ಟಿಡಿಎಸ್ ಅಷ್ಟ ಐತಲ್ಲ?’ ಅಂತ. ಮಷೀನು ಕೆಟ್ಟಿರುವುದಿಲ್ಲ. ಅದು ಮಾಡದ ಕೆಲಸವನ್ನು ಮಾಡುತ್ತದೆ ಎಂದು ಹೇಳಿ ಮಾರಿರುತ್ತಾರೆ, ಅಷ್ಟೇ.

ಗದಗ-ಬೆಟಗೇರಿಯವರಿಗೆ ಎರಡು ನೀರಿನ ಬದುಕು ಹೊಸದಲ್ಲ. ಒಂದು ಹೊಳಿ ನೀರು. ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬ್ಯಾರೇಜಿನಿಂದ ಪೈಪಿನಲ್ಲಿ ಬರುವ ತುಂಗಭದ್ರೆ. ಅದು ಬಂದ ದಿನ ಓಣಿಯಲ್ಲಿ ಹಬ್ಬ. ಇನ್ನೊಂದು ಬೋರಿನ ನೀರು. ಹೊಳಿ ನೀರು ಬಾರದ ದಿನಗಳಲ್ಲಿ, ಅಂದರೆ ಜಾಸ್ತಿ ದಿನ, ಸ್ನಾನ, ಬಟ್ಟೆ, ಪಾತ್ರೆ ಎಲ್ಲ ಅದರಲ್ಲೇ. ನಮ್ಮಪ್ಪ ನೇಕಾರರು. ನೂಲಿಗೆ ಬಣ್ಣ ಹಾಕಬೇಕೆಂದರೆ ಹೊಳಿ ನೀರು ಬರುವ ದಿನವನ್ನೇ ಕಾಯುತ್ತಿದ್ದರು. ಬೋರ್ ನೀರಿನಲ್ಲಿ ಬಣ್ಣ ಒಂದೇ ಸಮ ಕೂಡುವುದಿಲ್ಲ ಅನ್ನುತ್ತಿದ್ದರು. ಮನೆಯಲ್ಲಿ ಅವ್ವ ತೊಗರಿ ಬೇಳೆಗೆ ಬೇರೆ ಕೊಡವನ್ನೇ ಇಟ್ಟಿರುತ್ತಿದ್ದಳು. ಗಡಸು ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ, ಗೊತ್ತಲ್ಲ.

ಆ ಗಡಸುತನ ಅಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ನೆಲದೊಳಗಿನ ಕಲ್ಲು, ಮಣ್ಣಿನಿಂದ ಇಳಿದು ಬಂದದ್ದು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಾನು ಕೆಲಸ ಮಾಡುವ ಓಣಿಗಳಲ್ಲಿ 600ರ ಆಸುಪಾಸಿನ ಬೋರು ಅಪರೂಪವೇನಲ್ಲ. ಅದನ್ನು ದಾಟಿದವೂ ಇವೆ.

ಇಂಥ ನೀರು ಏನು ಮಾಡುತ್ತದೆ ಎಂದು ನೋಡಬೇಕಾದರೆ ನನ್ನ ಜೊತೆ ಒಂದು ಗೀಸರ್ ಬಿಚ್ಚುವುದಕ್ಕೆ ಬನ್ನಿ. ಕೆಳಗಿನ ಪ್ಲೇಟಿನ ನಟ್ಟು ಸಡಿಲಿಸಿದ ಕೂಡಲೇ ಬಿಳಿ ಚೂರುಗಳು ಬಕೆಟ್ಟಿಗೆ ಸುರಿಯುತ್ತವೆ. ನೀರು ಕಾಯಿಸುವ ಕಾಯಿಲ್ ಕಾಣುವುದೇ ಇಲ್ಲ, ಸುಣ್ಣದ ಗಟ್ಟಿ ಕಾಣುತ್ತದೆ. ತಣ್ಣೀರಿನ ಪೈಪಿಗಿಂತ ಗೀಸರಿನಲ್ಲೇ ಯಾಕೆ ಹೀಗೆ ಎಂದು ಜನ ಕೇಳುತ್ತಾರೆ. ನೀರು ಕಾದಾಗ ಅದರಲ್ಲಿ ಕರಗಿದ್ದ ಬೈಕಾರ್ಬೊನೇಟ್ ಒಡೆಯುತ್ತದೆ. ಗಾಳಿ ಹೊರಗೆ ಹೋಗಿ ಸುಣ್ಣ ಕೆಳಗೆ ಕೂರುತ್ತದೆ. ಬಿಸಿ ಎಲ್ಲಿ ಜಾಸ್ತಿಯೋ ಅಲ್ಲೇ ಜಾಸ್ತಿ ಕೂರುತ್ತದೆ, ಅದು ಕಾಯಿಲ್ ಮೇಲೆ. ಆಮೇಲೆ ಕಾಯಿಲಿನ ಬಿಸಿ ನೀರಿಗೆ ಹೋಗುವುದಿಲ್ಲ, ಒಳಗೇ ಉಳಿದು ಕಾಯಿಲ್ ಸುಟ್ಟು ಬಿರಿಯುತ್ತದೆ. ಬಿರಿದ ದಿನ ಮನೆಯ ಎಂಸಿಬಿ (ಕರೆಂಟ್ ತಾನೇ ಕಡಿಯುವ ಸ್ವಿಚ್) ಬೀಳುತ್ತದೆ. ಆಗ ನನಗೆ ಕರೆ ಬರುತ್ತದೆ. ಸೋಲಾರ್ ಹೀಟರಿನ ಟ್ಯೂಬುಗಳದ್ದೂ ಇದೇ ಕಥೆ.

ಹಾಗಾಗಿ ಸಾಫ್ಟ್ನರ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಮಷೀನು ಅದು, ಅದರ ಕೆಲಸಕ್ಕೆ. ಆ ಕೆಲಸ ಯಾವುದು ಎಂದು ಹೇಳಿ ಮಾರಲಿ ಅನ್ನುವುದಷ್ಟೇ ನನ್ನ ಮಾತು.

ಸಿಲಿಂಡರಿನೊಳಗೆ ರೆಸಿನ್ ಇರುತ್ತದೆ. ಸಾಸಿವೆಗಿಂತ ಸಣ್ಣ ಹಳದಿ ಕಾಳುಗಳ ಹಾಗೆ. ಕಾಳಿನ ಮೈತುಂಬ ಸೋಡಿಯಂ. ಬೋರ್ ನೀರು ಅದರ ನಡುವೆ ಹಾದು ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿಗೆ ಅಂಟಿಕೊಳ್ಳುತ್ತವೆ, ಅವುಗಳ ಬದಲಿಗೆ ಸೋಡಿಯಂ ನೀರಿಗೆ ಇಳಿಯುತ್ತದೆ. ಕಾಳಿನ ಸೋಡಿಯಂ ಮುಗಿದ ಮೇಲೆ ಉಪ್ಪುನೀರು ಹಾಯಿಸಿ ಮತ್ತೆ ತುಂಬಬೇಕು. ಅಂಟಿಕೊಂಡಿದ್ದ ಕ್ಯಾಲ್ಸಿಯಂ ಆ ಉಪ್ಪುನೀರಿನ ಜೊತೆ ಗಟಾರಕ್ಕೆ ಹೋಗುತ್ತದೆ. ಇಷ್ಟೇ ವ್ಯವಹಾರ. ಒಂದನ್ನು ಕೊಟ್ಟು ಇನ್ನೊಂದನ್ನು ತೆಗೆದುಕೊಂಡದ್ದರಿಂದ ಟಿಡಿಎಸ್ ಇಳಿಯುವುದಿಲ್ಲ. ನೋಡಿದರೆ ಒಂಚೂರು ಏರಿಯೇ ಇರುತ್ತದೆ.

ಮಾರುವವರ ಜೇಬಿನಲ್ಲಿ ಮಾತ್ರ ಟಿಡಿಎಸ್ ಮೀಟರೇ ಇರುತ್ತದೆ! ಮನೆಗೆ ಬಂದು ಬೋರ್ ನೀರಿನಲ್ಲಿ ಅದ್ದಿ, ‘ನೋಡ್ರಿ ಅಕ್ಕಾರ, 1200 ಐತಿ’ ಎಂದು ಹೆದರಿಸುತ್ತಾರೆ. ಆ 1200ರಲ್ಲಿ ಗಡಸುತನ ಎಷ್ಟು, ಬರೀ ಸೋಡಿಯಂ-ಕ್ಲೋರೈಡ್ ಎಷ್ಟು ಎಂದು ಆ ಮೀಟರಿಗೆ ಗೊತ್ತಾಗುವುದಿಲ್ಲ. 1200 ಟಿಡಿಎಸ್ ಇದ್ದೂ ಗಡಸುತನ ಕಡಿಮೆ ಇರುವ ಬೋರು ಇರುತ್ತದೆ. ಅಂಥ ಮನೆಗೆ ಸಾಫ್ಟ್ನರ್ ಸುಮ್ನೆ ದಂಡ. ಇನ್ನು ಕೆಲವರು ಗ್ಲಾಸಿನಲ್ಲಿ ಕಡ್ಡಿ ಇಳಿಸಿ ಕರೆಂಟ್ ಕೊಟ್ಟು ನೀರನ್ನು ಕೆಸರು ಮಾಡಿ ತೋರಿಸುತ್ತಾರೆ. ಆ ಕೊಳೆ ನೀರಿನದ್ದಲ್ಲ, ಕಬ್ಬಿಣದ ಕಡ್ಡಿಯ ತುಕ್ಕು. ಆರ್‌ಒ (ಲವಣ ತೆಗೆಯುವ ಫಿಲ್ಟರ್) ನೀರನ್ನು ಪಕ್ಕದಲ್ಲಿ ಇಟ್ಟು ತೋರಿಸುತ್ತಾರಲ್ಲ, ಅದರಲ್ಲಿ ಲವಣ ಕಡಿಮೆ, ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ, ಅದಕ್ಕೆ ತಿಳಿಯಾಗಿ ಉಳಿಯುತ್ತದೆ. ಅದೇ ಕಡ್ಡಿಯನ್ನು ಸಾಫ್ಟ್ನರ್ ನೀರಿನಲ್ಲಿ ಇಳಿಸಲು ಹೇಳಿ ನೋಡಿ, ಅದೂ ಕೆಸರಾಗುತ್ತದೆ.

ಗಡಸುತನ ಅಳೆಯುವುದು ಕಷ್ಟವಲ್ಲ. ಹನಿ ಹಾಕುವ ಕಿಟ್ ಸಿಗುತ್ತದೆ. ನೀರಿಗೆ ಒಂದು ಪುಡಿ ಹಾಕಿದರೆ ಕೆಂಪು-ನೇರಳೆ ಬಣ್ಣ ಬರುತ್ತದೆ. ಆಮೇಲೆ ಹನಿ ಹನಿಯಾಗಿ ದ್ರಾವಣ ಬಿಡುತ್ತಾ ಎಣಿಸಬೇಕು. ಬಣ್ಣ ಪೂರಾ ನೀಲಿಯಾದಾಗ ನಿಲ್ಲಿಸಿ ಲೆಕ್ಕ ಹಾಕಬೇಕು. ಮಷೀನು ಕೂಡಿಸುವ ಮೊದಲು ಒಮ್ಮೆ, ಕೂಡಿಸಿದ ಮೇಲೆ ಒಮ್ಮೆ ಮನೆಯವರ ಎದುರಿಗೇ ಮಾಡಿ ತೋರಿಸಬಹುದು. ಯಾಕೆ ಮಾಡುವುದಿಲ್ಲ? ನನಗೆ ಕಾಣುವ ಕಾರಣ ಒಂದೇ. ಟಿಡಿಎಸ್ ಮೀಟರಿನಲ್ಲಿ ಅಂಕಿ ಥಟ್ಟನೆ ಬೆಳಗುತ್ತದೆ, ಹೆದರಿಸುವುದಕ್ಕೆ ಅನುಕೂಲ.

ಈಗ ‘ಖರ್ಚೇ ಇಲ್ಲ’ ಎಂಬ ಮಾತಿಗೆ ಬರೋಣ. ಇದರ ಮೇಲೆ ನನಗೆ ಸಿಟ್ಟು ಜಾಸ್ತಿ.

ಒಂದು ಮನೆಯಲ್ಲಿ ದಿನಕ್ಕೆ 500 ಲೀಟರ್ ಬೋರ್ ನೀರು ಬಳಸುತ್ತಾರೆ ಅಂದುಕೊಳ್ಳಿ. ಗಡಸುತನ 600. ಅಂದರೆ ಮಷೀನು ದಿನಕ್ಕೆ 300 ಗ್ರಾಂ ಗಡಸು ತೆಗೆಯಬೇಕು. ಮನೆಗೆ ಹಾಕುವ 25 ಲೀಟರ್ ರೆಸಿನ್ನಿನ ಸಿಲಿಂಡರ್ ಒಂದು ಸಲಕ್ಕೆ ಸುಮಾರು 1200 ಗ್ರಾಂ ಹಿಡಿದುಕೊಳ್ಳುತ್ತದೆ. ನಾಲ್ಕು ದಿನಕ್ಕೆ ತುಂಬಿತು. ಪ್ರತಿ ಸಲ ಉಪ್ಪು ಹಾಯಿಸಲು ಮೂರೂವರೆ, ನಾಲ್ಕು ಕಿಲೋ ಬೇಕು. ತಿಂಗಳಿಗೆ ಏಳೆಂಟು ಸಲ. ಲೆಕ್ಕ ಹಾಕಿ, 25ರಿಂದ 30 ಕಿಲೋ ಉಪ್ಪು! ಗಡಸುತನ 300 ಇದ್ದರೆ ಇದರ ಅರ್ಧ. ಆ ಅಂಕಿ ಗೊತ್ತಿಲ್ಲದೆ ಯಾರಾದರೂ ಸಾಫ್ಟ್ನರ್ ಮಾರಿದರೆ ಅವರಿಗೆ ಉಪ್ಪಿನ ಲೆಕ್ಕವೂ ಗೊತ್ತಿಲ್ಲ ಅಂತಲೇ ಅರ್ಥ, ಅಲ್ವಾ?

ಹಿರಿಯ ದಂಪತಿ ಇಬ್ಬರೇ ಇರುವ ಒಂದು ಮನೆ. ನಿವೃತ್ತ ಮಾಸ್ತರರು. ಮಕ್ಕಳು ಬೆಂಗಳೂರಿನಲ್ಲಿ ಕುಳಿತು ಫೋನಿನಲ್ಲೇ ಆರ್ಡರ್ ಕೊಟ್ಟು ಹಾಕಿಸಿದ್ದಾರೆ. ಮಷೀನನ್ನು ಟೆರೇಸಿನ ಮೇಲೆ, ಟ್ಯಾಂಕಿನ ಪಕ್ಕ ಬಿಸಿಲಿಗೆ ನಿಲ್ಲಿಸಿದ್ದರು. ಉಪ್ಪಿನ ಚೀಲ ಮೇಲೆ ಹೊರುವವರು ಯಾರು? ಮಾಸ್ತರರು ಕೊಡದಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಹಾಕಿದ್ದಾರೆ. ಮೊಣಕಾಲು ನೋವು ಬಂದ ಮೇಲೆ ಬಿಟ್ಟಿದ್ದಾರೆ. ಉಪ್ಪು ಇಲ್ಲದ ಸಾಫ್ಟ್ನರ್ ಅಂದರೆ ನೀರು ಸುಮ್ಮನೆ ಹಾದು ಹೋಗುವ ಡಬ್ಬಿ. ನಾನು ಹೋದಾಗ ಒಳಗೆ ಬರುವ ನೀರು, ಹೊರಗೆ ಹೋಗುವ ನೀರು ಎರಡೂ ಒಂದೇ ಗಡಸು. ‘ಮಷೀನು ಛಲೋ ಐತ್ರಿ ಸರ್, ಉಪ್ಪಿಲ್ಲ ಅಷ್ಟ’ ಅಂದೆ. ‘ಉಪ್ಪ್ ಹಾಕ್ಬೇಕಂತ ಹೇಳ್ಯಾರ, ಇಷ್ಟ್ ಹಾಕ್ಬೇಕಂತ ಹೇಳಿಲ್ಲಪ್ಪಾ’ ಅಂದರು. ಮಷೀನನ್ನು ಕೆಳಗೆ, ಸಂಪಿನ ಹತ್ತಿರದ ನೆರಳಿಗೆ ತಂದು ಪಂಪಿನ ಲೈನಿಗೆ ಕೂಡಿಸಿದೆ. ಈಗ ಅಂಗಡಿಯ ಹುಡುಗ ಚೀಲ ತಂದು ಅಲ್ಲೇ ಇಳಿಸಿ ಹೋಗುತ್ತಾನೆ.

ಟೆರೇಸಿನ ಮೇಲೆ ಇಟ್ಟರೆ ಇನ್ನೊಂದು ತೊಂದರೆಯೂ ಇದೆ. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಸುಮಾರು ಒಂದು ಬಾರ್ ಒತ್ತಡ. ಟ್ಯಾಂಕಿಗೂ ಬಚ್ಚಲಿನ ನಳಕ್ಕೂ ಮೂರು ಮೀಟರ್ ಅಂತರವಿದ್ದರೆ ಒತ್ತಡ 0.3 ಬಾರ್. ಅಷ್ಟರಲ್ಲಿ ರೆಸಿನ್ ದಾಟಿ ಬರುವ ನೀರು ಶವರಿನಲ್ಲಿ ತೊಟ್ಟಿಕ್ಕುತ್ತದೆ. ಕಾಳನ್ನು ಎಬ್ಬಿಸಿ ತೊಳೆಯುವ ಬ್ಯಾಕ್‌ವಾಶ್‌ಗಂತೂ ಆ ಒತ್ತಡ ಏನೇನೂ ಸಾಲದು. ಆಮೇಲೆ ‘ಪ್ರೆಶರ್ ಪಂಪ್ ಹಾಕಿಸಿ’ ಎಂದು ಇನ್ನೊಂದು ಬಿಲ್ಲು.

ಉಪ್ಪು ಹಾಯಿಸಿದ ಮೇಲೆ ಹೊರಬರುವ ನೀರನ್ನು ಎಲ್ಲಿಗೆ ಬಿಡುತ್ತೀರಿ? ಇದನ್ನು ಯಾರೂ ಕೇಳುವುದೇ ಇಲ್ಲ. ಪ್ರತಿ ಸಲ ನೂರು, ಇನ್ನೂರು ಲೀಟರ್ ಹೊರಗೆ ಹೋಗುತ್ತದೆ. ಬೇಸಿಗೆಯಲ್ಲಿ ಅಷ್ಟು ನೀರು ಹೋಗುವುದನ್ನು ನೋಡಲಾಗದೆ ಮನೆಯವರು ಪೈಪನ್ನು ಹಿತ್ತಲಿನ ತೆಂಗಿಗೋ ಕರಿಬೇವಿಗೋ ಬಿಡುತ್ತಾರೆ. ನೀರು ಉಳಿಸುವ ಆಸೆ, ತಪ್ಪಲ್ಲ. ಆದರೆ ನಮ್ಮದು ಎರೆ ಮಣ್ಣು. ಅದಕ್ಕೆ ಸೋಡಿಯಂ ಬಿದ್ದರೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ರಂಧ್ರ ಮುಚ್ಚಿಕೊಳ್ಳುತ್ತವೆ. ನೀರು ಇಂಗುವುದಿಲ್ಲ, ಒಣಗಿದರೆ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ಸವಳು ಹತ್ತಿದ ಹೊಲಕ್ಕೆ ರೈತರು ಜಿಪ್ಸಂ ಹಾಕುತ್ತಾರಲ್ಲ, ಅದು ಯಾಕೆ? ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಮಣ್ಣಿನ ಸೋಡಿಯಂ ಬಿಡಿಸಿ ಕ್ಯಾಲ್ಸಿಯಂ ಕೂಡಿಸಲು. ಅಲ್ಲಿ ರೊಕ್ಕ ಕೊಟ್ಟು ಕ್ಯಾಲ್ಸಿಯಂ ಹಾಕುತ್ತಾರೆ, ಇಲ್ಲಿ ನಾವು ರೊಕ್ಕ ಕೊಟ್ಟು ಸೋಡಿಯಂ ಬಿಡುತ್ತೇವೆ! ಗಿಡಕ್ಕೆ ಬೋರಿನ ಗಡಸು ನೀರೇ ವಾಸಿ. ಸಾಫ್ಟ್ನರ್ ದಾಟಿದ ನೀರೂ ಬೇಡ, ತೊಳೆದ ಉಪ್ಪುನೀರಂತೂ ಬೇಡವೇ ಬೇಡ. ಉಪ್ಪು ಹಾಯಿಸುವ ಮುಂಚಿನ ಬ್ಯಾಕ್‌ವಾಶ್ ನೀರನ್ನು ಮಾತ್ರ ಡ್ರಮ್ಮಿಗೆ ಹಿಡಿದು ಸಂಡಾಸಿಗೆ ಬಳಸಬಹುದು. ಉಳಿದದ್ದು ಒಳಚರಂಡಿಗೆ.

ಕುಡಿಯುವುದರ ಬಗ್ಗೆ ಹೇಳಲೇಬೇಕು. 100 ಗಡಸುತನ ತೆಗೆದರೆ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. 600 ತೆಗೆದರೆ 276. ಬಿಪಿಗೆ ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳಿದವರು ಮಜ್ಜಿಗೆಗೆ ಉಪ್ಪು ಬಿಟ್ಟು, ನೀರಿನಲ್ಲಿ ಸೋಡಿಯಂ ಕುಡಿದರೆ ಏನು ಬಂತು? ಇನ್ನು ಫ್ಲೋರೈಡ್. ನಮ್ಮ ಜಿಲ್ಲೆಯಲ್ಲಿ ಮುಂಡರಗಿ ಕಡೆಯವರಿಗೆ ಫ್ಲೋರೈಡ್ ಅಂದರೆ ಏನೆಂದು ನಾನು ಹೇಳಬೇಕಿಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ, ಹಿರಿಯರ ಬಗ್ಗಿದ ಬೆನ್ನು ನೋಡಿದವರೇ ಎಲ್ಲರೂ. ಸಾಫ್ಟ್ನರ್ ಫ್ಲೋರೈಡನ್ನು ಮುಟ್ಟುವುದಿಲ್ಲ. ನೈಟ್ರೇಟನ್ನೂ ಮುಟ್ಟುವುದಿಲ್ಲ. ರೋಗಾಣುವನ್ನೂ ಕೊಲ್ಲುವುದಿಲ್ಲ. ನೀರು ನೊರೆ ಕೊಡುತ್ತದೆ, ಬಾಯಿಗೆ ಮೆತ್ತಗಿದೆ ಎಂದು ನಂಬಿ ಮಕ್ಕಳಿಗೆ ಕುಡಿಸುವವರು ಇದ್ದಾರೆ. ಕುಡಿಯಲು, ಅಡುಗೆಗೆ ಹೊಳಿ ನೀರನ್ನೇ ಹಿಡಿದಿಟ್ಟು ಕಾಯಿಸಿಕೊಳ್ಳಿ. ಅದು ಸಾಲದಿದ್ದರೆ ಶುದ್ಧ ನೀರಿನ ಘಟಕದ ಕ್ಯಾನು ಇದ್ದೇ ಇದೆ.

ಕೂದಲಿನ ವಿಷಯ ಚುಟುಕಾಗಿ ಹೇಳುತ್ತೇನೆ. ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಜಿಡ್ಡಾಗಿ ಕೂದಲಿಗೆ ಹತ್ತುತ್ತದೆ, ಕೂದಲು ಬಿರುಸಾಗುತ್ತದೆ. ಸಾಫ್ಟ್ನರ್ ಹಾಕಿದರೆ ಅದು ತಪ್ಪುತ್ತದೆ. ಉದುರುವುದಕ್ಕೆ ನೂರು ಕಾರಣ, ಅದನ್ನು ಚರ್ಮದ ಡಾಕ್ಟರಿಗೆ ತೋರಿಸಿ, ಪ್ಲಂಬರಿಗಲ್ಲ. ಸಾಫ್ಟ್ನರ್ ಕೂಡಿಸಿದ ಮರುದಿನ ಬರುವ ಫೋನ್ ಮಾತ್ರ ಎಲ್ಲ ಮನೆಯಿಂದಲೂ ಒಂದೇ. ‘ಎಷ್ಟ್ ನೀರ್ ಹಾಕ್ಕೊಂಡ್ರೂ ಮೈಮ್ಯಾಲಿನ ಸಾಬೂನ ಹೋಗವಲ್ದರಿ.’ ಹೋಗಿರುತ್ತದೆ. ಗಡಸು ನೀರಿನ ಆ ಬಿರುಸು ಇಲ್ಲದ್ದರಿಂದ ಮೈ ಜಾರಿದ ಹಾಗೆ ಅನ್ನಿಸುತ್ತದೆ. ಸಾಬೂನು ಕಡಿಮೆ ಹಚ್ಚಿ. ಬಟ್ಟೆಯ ಪುಡಿಯನ್ನೂ ಅರ್ಧಕ್ಕೆ ಇಳಿಸಿ, ಉಪ್ಪಿನ ಖರ್ಚು ಒಂದಿಷ್ಟು ಅಲ್ಲೇ ಹುಟ್ಟುತ್ತದೆ.

ಹಾಗಾದರೆ ಹೇಗೆ ಹಾಕಿಸಬೇಕು? ನನ್ನ ಅಭಿಪ್ರಾಯದಲ್ಲಿ ಇಡೀ ಮನೆಗೆ ಹಾಕಿಸುವುದೇ ದಂಡ. ಸಂಡಾಸಿಗೆ, ಅಂಗಳ ತೊಳೆಯಲು, ಗಾಡಿಗೆ, ಗಿಡಕ್ಕೆ ಸಾಫ್ಟ್ ನೀರು ಯಾಕೆ ಬೇಕು? ಗೀಸರಿಗೆ, ಬಚ್ಚಲಿನ ನಳಕ್ಕೆ, ವಾಷಿಂಗ್ ಮಷೀನಿಗೆ ಕೊಟ್ಟರೆ ಸಾಕು. ಆಗ 500 ಲೀಟರ್ ಹೋಗಿ 200ಕ್ಕೆ ಇಳಿಯುತ್ತದೆ, ಉಪ್ಪೂ ಅಷ್ಟೇ ಇಳಿಯುತ್ತದೆ. ಇನ್ನು ಹೊಳಿ ನೀರು ಬಂದ ದಿನ ಮಷೀನಿಗೆ ಕೆಲಸವೇ ಇಲ್ಲ. ಒಂದು ಬೈಪಾಸ್ ವಾಲ್ವ್ ತಿರುಗಿಸಿದರೆ ಹೊಳಿ ನೀರು ನೇರ ಹೋಗುತ್ತದೆ. ಬೈಪಾಸ್ ಇಲ್ಲದೆ ಕೂಡಿಸಿದ ಮನೆಗಳನ್ನು ನೋಡಿದ್ದೇನೆ. ಎಂಟು ಹತ್ತು ದಿನ ಕಾದು ಬಂದ ಸಿಹಿ ನೀರನ್ನು ಉಪ್ಪಿನ ಮಷೀನಿನೊಳಗೆ ಹಾಯಿಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ತೊಂದರೆ ಏನೆಂದರೆ ಕಟ್ಟಿದ ಮನೆಯಲ್ಲಿ ಲೈನು ಬೇರೆ ಮಾಡಬೇಕಾದರೆ ಗೋಡೆ, ಟೈಲ್ಸ್ ಒಡೆಯಬೇಕು. ಅದಕ್ಕೇ ಹೊಸ ಮನೆ ಕಟ್ಟುವವರಿಗೆ, ಎಂಜಿನಿಯರುಗಳಿಗೆ, ಗುತ್ತಿಗೆದಾರರಿಗೆ ನನ್ನದೊಂದು ವಿನಂತಿ. ಇವತ್ತು ಸಾಫ್ಟ್ನರ್ ಹಾಕಿಸದಿದ್ದರೂ ಪರವಾಗಿಲ್ಲ. ಸ್ನಾನ-ಬಟ್ಟೆಯ ಲೈನು ಒಂದು, ಸಂಡಾಸು-ಅಂಗಳದ ಲೈನು ಒಂದು, ಅಡುಗೆಮನೆಗೆ ಹೊಳಿ ನೀರಿನ ಸಣ್ಣ ಟ್ಯಾಂಕಿನಿಂದ ಒಂದು, ಹೀಗೆ ಬೇರೆ ಬೇರೆ ಪೈಪು ಎಳೆಸಿ. ಗೋಡೆ ತೆರೆದಿರುವಾಗ ಹೆಚ್ಚಾಗುವುದು ಬರೀ ಪೈಪಿನ ಖರ್ಚು. ಟೈಲ್ಸ್ ಹಚ್ಚಿದ ಮೇಲೆ ನನ್ನನ್ನು ಕರೆದರೆ ನಾನೂ ಏನೂ ಮಾಡಲಾರೆ.

ಸಾಫ್ಟ್ನರಿನ ಹಣ ಇಲ್ಲದವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಗೀಸರಿನ ಥರ್ಮೋಸ್ಟಾಟನ್ನು 50-55 ಡಿಗ್ರಿಗೆ ಇಳಿಸಿ, ಸುಣ್ಣ ಕೂರುವುದು ಎಷ್ಟೋ ಕಡಿಮೆಯಾಗುತ್ತದೆ. ವರ್ಷಕ್ಕೊಮ್ಮೆ ಕಾಯಿಲ್ ಬಿಚ್ಚಿಸಿ ನಿಂಬೆ ಉಪ್ಪಿನ ಬಿಸಿ ನೀರಿನಲ್ಲಿ ನೆನೆಸಿಸಿ. ಸುಣ್ಣ ಬುರುಬುರು ನೊರೆಯೆದ್ದು ಬಿಡುತ್ತದೆ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡ, ಅದು ಸುಣ್ಣದ ಜೊತೆ ತಾಮ್ರವನ್ನೂ ತಿನ್ನುತ್ತದೆ. ಗೀಸರ್ ಬಿಚ್ಚಿದಾಗ ಒಳಗಿನ ಆನೋಡ್ ರಾಡನ್ನೂ ನೋಡಿಸಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಕರಗುವ ರಾಡ್ ಅದು. ಸಾಫ್ಟ್ನರ್ ಇರುವ ಮನೆಗಳಲ್ಲಿ ಅದು ಬೇಗ ಕರಗುವುದನ್ನು ಕಂಡಿದ್ದೇನೆ.

ಮಳೆ ನೀರು ಇನ್ನೊಂದು ದಾರಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಸಾವಿರ ಚದರ ಅಡಿ ಛಾವಣಿಯಿಂದ ಸೋರಿಕೆ, ಕೊಳೆ ಎಲ್ಲ ಕಳೆದರೂ 40 ಸಾವಿರ ಲೀಟರ್ ಹಿಡಿಯಬಹುದು. ಅದರಲ್ಲಿ ಗಡಸುತನವೇ ಇಲ್ಲ, ಉಪ್ಪೂ ಬೇಡ, ಮಷೀನೂ ಬೇಡ. ಸಂಪಿಗೆ ಬಿಟ್ಟುಕೊಂಡರೆ ಬೋರ್ ನೀರಿನ ಗಡಸೂ ತಗ್ಗುತ್ತದೆ. ಪೈಪಿಗೆ ಅಯಸ್ಕಾಂತ ಕಟ್ಟಿದರೆ, ವೈರು ಸುತ್ತಿದರೆ ನೀರು ಮೆತ್ತಗಾಗುತ್ತದೆ ಎಂದು ಮಾರುವವರೂ ಬರುತ್ತಾರೆ. ಅವರ ಎದುರಿಗೆ ಹನಿ ಕಿಟ್ ಇಡಿ. ಮೊದಲು ಎಷ್ಟು ಹನಿಯೋ ಆಮೇಲೂ ಅಷ್ಟೇ ಹನಿ.

ಮಾರುವವರಿಂದ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಮಷೀನು ದಾಟುವ ಮೊದಲು ಗಡಸುತನ ಎಷ್ಟಿತ್ತು, ದಾಟಿದ ಮೇಲೆ ಎಷ್ಟಾಯಿತು, ಒಳಗೆ ರೆಸಿನ್ ಎಷ್ಟು ಲೀಟರ್, ಈ ಮನೆಯ ಬಳಕೆಗೆ ತಿಂಗಳಿಗೆ ಉಪ್ಪು ಎಷ್ಟು ಕಿಲೋ, ಇಷ್ಟನ್ನು ಬಿಲ್ಲಿನ ಮೇಲೆ ಬರೆದು ಸಹಿ ಹಾಕಲಿ. ಬರೆಯಲು ಒಪ್ಪದವರಿಗೆ ಅಡ್ವಾನ್ಸ್ ಕೊಡಬೇಡಿ. ನಮ್ಮ ಕಡೆಯ ಪ್ಲಂಬರುಗಳಿಗೂ ಹೇಳುತ್ತೇನೆ, ಕಮಿಷನ್ ಆಸೆಗೆ ಮೀಟರ್ ಹಿಡಿದು ತಿರುಗುವವರ ಹಿಂದೆ ಹೋಗಬೇಡ್ರಪ್ಪಾ. ನಾಳೆ ಬೈಗುಳ ತಿನ್ನುವವರು ನಾವೇ.

ಓಣಿಯ ಸಾರ್ವಜನಿಕ ಬೋರುಗಳ ಮೇಲೆ ಗಡಸುತನ, ಫ್ಲೋರೈಡ್ ಎಷ್ಟಿದೆ ಎಂದು ಬಣ್ಣದಲ್ಲಿ ಬರೆಸಿದರೆ ಸಂಬಂಧಪಟ್ಟವರಿಗೆ ದೊಡ್ಡ ಖರ್ಚಾಗಲಾರದು. ಅಕ್ಕಪಕ್ಕದ ಮನೆಯವರಿಗೆ ತಮ್ಮ ಬೋರಿನ ಅಂದಾಜೂ ಸಿಗುತ್ತದೆ. ಅಲ್ಲಿಯತನಕ ಅವರವರ ಬೋರಿನ ನೀರನ್ನು ಜಿಲ್ಲಾ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೊಡುವಾಗ ಪೈಪಿನಲ್ಲಿ ನಿಂತ ನೀರು ಹಿಡಿಯಬೇಡಿ. ಬೋರನ್ನು ಹತ್ತು ನಿಮಿಷ ಓಡಿಸಿ, ಒಂದು ಲೀಟರಿನ ಶುಚಿ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಗಾಳಿ ಉಳಿಯದಂತೆ ಕಂಠದವರೆಗೆ ತುಂಬಿ, ಅದೇ ದಿನ ಮುಟ್ಟಿಸಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಮಾಡಿಸಿದರೆ ಒಳ್ಳೆಯದು. ಎರಡರ ಅಂಕಿ ಬೇರೆ ಬೇರೆ ಬಂದರೆ ಗಾಬರಿಯಾಗಬೇಡಿ, ಜಾಸ್ತಿ ಬಂದದ್ದನ್ನು ಹಿಡಿದು ಮಷೀನು ಆರಿಸಿ.

ಇಂತಿ,
ಒಬ್ಬ ಪ್ಲಂಬರ್, ಬೆಟಗೇರಿ